ಕಷಾಯ ಕುಡಿದರೆ ‘ಇಮ್ಯುನಿಟಿ’ ಏರುತ್ತದೆಯೇ? ಮಂಗನ ಕಾಯಿಲೆ ಹೇಳುವುದೇ ಬೇರೆ

ಜ್ವರದ ಕಾಲ ಬಂತೆಂದರೆ ಸಾಕು, ಕತ್ತಲಗೆರೆ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲೂ ಆ ಮೆಸೇಜ್ ಸುತ್ತತೊಡಗುತ್ತದೆ: ಅಮೃತಬಳ್ಳಿ, ಶುಂಠಿ, ಕಾಳುಮೆಣಸಿನ ಕಷಾಯ ಕುಡಿಯಿರಿ, ರೋಗನಿರೋಧಕ ಶಕ್ತಿ ಹೆಚ್ಚುತ್ತದೆ, ಯಾವ ವೈರಸ್ಸೂ ಹತ್ತಿರ ಸುಳಿಯುವುದಿಲ್ಲ. ಬಿಸಿ ಕಷಾಯ ಗಂಟಲಿಗೆ ಹಿತ, ಅದಕ್ಕೆ ತಕರಾರಿಲ್ಲ. ಆದರೆ ರೋಗನಿರೋಧಕ ಶಕ್ತಿ ಮೊಬೈಲ್ ಬ್ಯಾಟರಿಯಂತೆ ಚಾರ್ಜ್ ಮಾಡಿ 100ಕ್ಕೆ ಏರಿಸುವಂಥದ್ದೇ?

ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮೊದಲು ಪತ್ತೆಯಾದ ಈ ವೈರಸ್ ಹರಡುವುದು ಉಣುಗು (ಉಣ್ಣೆ) ಕಚ್ಚುವುದರಿಂದ. ದೇಹದ ಮೊದಲ ಕೋಟೆ ಚರ್ಮ. ಉಣುಗು ಕೊರೆಯುವುದು ಅದನ್ನೇ. ಸಾಲದ್ದಕ್ಕೆ, ಅದರ ಜೊಲ್ಲಿನ ಅಂಶಗಳು ನೋವು ಗೊತ್ತಾಗದಂತೆ, ಅಲ್ಲಿನ ಕಾವಲು ಕಣಗಳು ಚುರುಕಾಗದಂತೆ ಮಾಡುತ್ತವೆ.

ವೈರಸ್ ಒಳಹೊಕ್ಕ ಮೇಲೆ ಹೊರಗಿನದು ಯಾವುದೇ ಇರಲಿ, ಮೇಲೆ ಬೀಳುವ ಬಿಳಿ ರಕ್ತಕಣಗಳು ಹೋರಾಟಕ್ಕಿಳಿಯುತ್ತವೆ. ಜ್ವರವೂ ಈ ಹೋರಾಟದ ಭಾಗವೇ. ಆದರೆ ಇದೇ ವೈರಸ್ಸನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳು, ಸೋಂಕು ತಗುಲಿದ ಜೀವಕೋಶಗಳನ್ನು ಕೊಲ್ಲುವ ಟಿ ಕಣಗಳು ಸಾಕಷ್ಟು ಸಂಖ್ಯೆಯಲ್ಲಿ ಸಿದ್ಧವಾಗಲು ಮೊದಲ ಸಲ ವಾರವೋ ಅದಕ್ಕಿಂತ ಹೆಚ್ಚೋ ಬೇಕು. ಅಪಾಯ ಇರುವುದು ಆ ದಿನಗಳಲ್ಲೇ. ಗೆದ್ದರೆ ಕೆಲವು ಕಣಗಳು ಶತ್ರುವಿನ ಗುರುತನ್ನು ನೆನಪಿಟ್ಟುಕೊಳ್ಳುತ್ತವೆ.

ಲಸಿಕೆ ಮಾಡುವುದು ಇಷ್ಟೇ: ನಿಷ್ಕ್ರಿಯಗೊಳಿಸಿದ ವೈರಸ್ಸನ್ನೋ ಅದರ ತುಣುಕನ್ನೋ ಮೊದಲೇ ತೋರಿಸಿ ಆ ನೆನಪು ಮೂಡಿಸುವುದು. ಕಷಾಯದಲ್ಲಿ ಆ ಗುರುತು ಎಲ್ಲಿದೆ?

ನೆನಪು ಮಾಸುವುದೂ ಉಂಟು. ಮಂಗನ ಕಾಯಿಲೆಯ ಹಳೆಯ ಲಸಿಕೆಯ ಎರಡು ಡೋಸ್ ಸುಮಾರು 62%, ಮೇಲೊಂದು ಬೂಸ್ಟರ್ ಸೇರಿದರೆ ಸುಮಾರು 83% ರಕ್ಷಣೆ ನೀಡುತ್ತಿತ್ತೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತ್ತು. ಅದಾದ ಮೇಲೂ ಪ್ರತಿವರ್ಷ ಬೂಸ್ಟರ್ ಬೇಕಿತ್ತು. ಕೊನೆಗೆ ಅದರ ಸಾಮರ್ಥ್ಯ ಸಾಲದೆಂದು 2022ರಲ್ಲಿ ಬಳಕೆಯನ್ನೇ ನಿಲ್ಲಿಸಲಾಯಿತು. ಪ್ರಯೋಗಾಲಯದಲ್ಲಿ ತಯಾರಾದ, ಇದೊಂದೇ ವೈರಸ್ಸಿಗೆಂದು ಮಾಡಿದ ಲಸಿಕೆಯ ಪಾಡೇ ಹೀಗಿರುವಾಗ, ಎಲ್ಲ ವೈರಸ್ಸಿಗೂ ಒಂದೇ ಲೋಟ ಎನ್ನುವವರ ಧೈರ್ಯ ದೊಡ್ಡದು!

ಇನ್ನೊಂದು ಮಾತು. ಈ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ನಮ್ಮದೇ ರಕ್ಷಣಾ ವ್ಯವಸ್ಥೆ ನಮ್ಮ ಕೀಲುಗಳ ಮೇಲೆ ದಾಳಿ ಮಾಡುತ್ತದೆ. ಆಮ್ಲಜನಕ ಬೇಕಾಗುವಷ್ಟು ತೀವ್ರ ಕೋವಿಡ್ ಆದವರಿಗೆ ವೈದ್ಯರು ಡೆಕ್ಸಾಮೆಥಾಸೋನ್ ಕೊಟ್ಟದ್ದು ಈ ದಾಳಿಯನ್ನು ತಗ್ಗಿಸಲೆಂದೇ. ಹೊಟ್ಟೆ ತುಂಬ ಪೌಷ್ಟಿಕ ಊಟ, ಕಣ್ತುಂಬ ನಿದ್ದೆ ಇದ್ದರೆ ವ್ಯವಸ್ಥೆ ಸೊರಗದೆ ಉಳಿಯುತ್ತದೆ. ಅದರಾಚೆಗೆ ‘ಬೂಸ್ಟ್’ ಮಾಡುವ ಪುಡಿಗೆ ದುಡ್ಡು ಸುರಿಯಬೇಕಿಲ್ಲ.

ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕಾಡಿಗೆ ಹೋಗುವವರು ಮೈ ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಹಚ್ಚಿಕೊಳ್ಳಿ. ಮರಳಿ ಬಂದ ಮೇಲೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ಮರೆಯದೆ ಹೇಳಿ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇನ್ನೂ ಇಲ್ಲ. ದೇಹದ ನೀರಿನಂಶ, ರಕ್ತಸ್ರಾವದ ಮೇಲೆ ಕಣ್ಣಿಟ್ಟು ನೀಡುವ ಆರೈಕೆಯೇ ಚಿಕಿತ್ಸೆ. ಹಾಗಾಗಿ ಆ ಒಂದೆರಡು ದಿನವನ್ನು ಕಷಾಯ ಕುಡಿಯುತ್ತ ಕಾಯುವುದರಲ್ಲಿ ಕಳೆಯಬೇಡಿ.