ಬಂದವರೆಷ್ಟು, ತಂಗಿದವರೆಷ್ಟು?

2019ರಲ್ಲಿ ಭಾರತಕ್ಕೆ 1.09 ಕೋಟಿ ವಿದೇಶಿ ಪ್ರವಾಸಿಗರು ಬಂದರೆಂದು ಕೇಂದ್ರ ಸರ್ಕಾರದ ಅಂಕಿ-ಅಂಶ ಹೇಳುತ್ತದೆ. ಇದನ್ನು ನೆಚ್ಚಿ ತೋಟದಲ್ಲಿ ಹೋಂಸ್ಟೇ ಕಟ್ಟಲು ಸಾಲ ಬಯಸುವ ಸದಸ್ಯ ಬಾಂಧವರಿಗೆ ನಮ್ಮದೊಂದು ಕಿವಿಮಾತು.

ಆ ಲೆಕ್ಕ ಹಿಡಿಯುವುದು ವಿಮಾನ ನಿಲ್ದಾಣ, ಬಂದರು, ಗಡಿಠಾಣೆಗಳಲ್ಲಿ, ಪಾಸ್‌ಪೋರ್ಟ್ ನೋಡಿ. ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಭರಮಸಾಗರದ ಅಜ್ಜಿಯ ಮನೆಗೆ ಬಂದ ಮೊಮ್ಮಗನೂ ಅದರಲ್ಲಿ ವಿದೇಶಿ ಪ್ರವಾಸಿಯೇ! ಓಸಿಐ ಕಾರ್ಡಿದ್ದರೆ ಅವನಿಗೆ ವೀಸಾ ಸಹ ಬೇಡ. ಅವನು ಹೋಂಸ್ಟೇಗೆ ಬಾಡಿಗೆ ಕೊಟ್ಟಾನೆಯೇ? ಭೀಮಸಮುದ್ರದ ಮಂಡಿಗೆ ಬಂದ ಮೂಟೆಯೆಲ್ಲ ರಾಶಿ ಅಡಿಕೆಯೇ?

ಕೋವಿಡ್ ಬಂದ 2020ರಲ್ಲಿ ಅದೇ ಸಂಖ್ಯೆ ಸುಮಾರು 27 ಲಕ್ಷಕ್ಕೆ ಕುಸಿಯಿತು; ಬಡ್ಡಿ ಮಾತ್ರ ನಿಲ್ಲಲಿಲ್ಲ.

ಚಿತ್ರದುರ್ಗದ ಕೋಟೆ ನೋಡಿದವರು ರಾತ್ರಿ ಎಲ್ಲಿ ತಂಗುತ್ತಾರೆಂದು ಮೊದಲು ವಿಚಾರಿಸೋಣ. ಸಾಲದ ಅರ್ಜಿ ಆಮೇಲೆ ಬರೆಯೋಣ.