ಪುನರ್ಮಿಲನದ ಕಥೆಗೆ ಬೇಕಾದುದು

ಅಗಲಿದ ಪ್ರೇಮಿಗಳನ್ನು ಬಹುಕಾಲದ ಮೇಲೆ ಒಂದುಗೂಡಿಸುವ ಕಾದಂಬರಿಯು ಸಾರ್ಥಕವಾಗಬೇಕಾದರೆ, ಆ ವಿಯೋಗದ ಬೇರು ಅವರ ಸ್ವಭಾವದಲ್ಲಿಯೇ ಇರತಕ್ಕದ್ದೆಂದು ನಾನು ದೃಢವಾಗಿ ನಂಬಿದ್ದೇನೆ. ಜೇನ್ ಆಸ್ಟಿನ್ನಳ ‘ಪರ್ಸ್ವೇಷನ್’ ಕಾದಂಬರಿಯಲ್ಲಿ ಆ್ಯನ್ ಎಲಿಯಟ್ ಹಿತೈಷಿಣಿಯೊಬ್ಬಳ ಮಾತಿಗೆ ಮಣಿದು ವೆಂಟ್‌ವರ್ತನನ್ನು ನಿರಾಕರಿಸಿದುದು ತನ್ನ ಮೃದುತ್ವದಿಂದ. ಎಂಟು ವರ್ಷಗಳ ತರುವಾಯವೂ ಅವನನ್ನು ತಡೆಯುವುದು ಅವನ ಅಭಿಮಾನ. ಕೈತಪ್ಪಿದ ಓಲೆಯೊಂದರಿಂದ ಅಗಲಿಸಿ, ಕಣ್ಣೀರಿನಿಂದಲೇ ಕೂಡಿಸಿಬಿಡುವ ಇಂದಿನ ಅನೇಕ ಲೇಖಕರು, ಕ್ಷಮಿಸಬೇಕಾದವಳ ಘನತೆಯನ್ನೇ ಅಪಹರಿಸುತ್ತಾರೆ. ಅಮೆರಿಕದ ಟಿಯಾ ವಿಲಿಯಮ್ಸ್ 2021ರಲ್ಲಿ ಪ್ರಕಟಿಸಿದ ‘ಸೆವೆನ್ ಡೇಸ್ ಇನ್ ಜೂನ್’ ಹಾಗಲ್ಲ: ಹದಿಹರೆಯದಲ್ಲಿ ಒಂದೇ ವಾರ ಜೊತೆಗಿದ್ದ ಈವಾ ಮತ್ತು ಶೇನ್, ಹದಿನೈದು ವರ್ಷಗಳ ಬಳಿಕ ಬ್ರೂಕ್ಲಿನ್ನಿನಲ್ಲಿ ಲೇಖಕರಾಗಿ ಸಂಧಿಸುವಾಗ, ಅವಳು ತೀವ್ರವಾದ ತಲೆಶೂಲೆಯನ್ನು ಸಹಿಸುತ್ತ ಮಗಳನ್ನು ಬೆಳೆಸುತ್ತಿರುವ ತಾಯಿ, ಅವನು ಮದ್ಯವ್ಯಸನವನ್ನು ತೊರೆದು ನಿಂತವನು. ಒಲವಿನ ನುಡಿಗಳಿಗಿಂತಲೂ ಅವನ ಈ ದೈನಂದಿನ ಸಂಯಮವೇ ನನಗೆ ಅವರ ಪುನರ್ಮಿಲನವನ್ನು ವಿಶ್ವಾಸಾರ್ಹವಾಗಿಸಿತು.