ಸಮವಸ್ತ್ರವೆಂಬ ಲಾಂಛನ, ಸೇವೆಯೆಂಬ ಕಾಯಕ



ಲಾಂಛನ ಧರಿಸಿದವನ ನಡೆಯು ಆ ಲಾಂಛನಕ್ಕೆ ಒಪ್ಪುವಂತಿರಬೇಕೆಂದು ಶರಣರು ತಮ್ಮ ವಚನಗಳಲ್ಲಿ ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ವಿಭೂತಿ, ರುದ್ರಾಕ್ಷಿ, ಕಾವಿಗಳು ಆಚಾರವಿಲ್ಲದವನನ್ನು ಶರಣನನ್ನಾಗಿ ಮಾಡಲಾರವು. ಶಾಲೆಯ ಮೈದಾನದಲ್ಲಿ ಸ್ಕೌಟ್, ಗೈಡ್, ಸೇವಾದಳ, ಎನ್.ಸಿ.ಸಿ. ಸಮವಸ್ತ್ರ ಧರಿಸಿ ನಿಲ್ಲುವ ನಮ್ಮ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಅವರು ಮೊದಲ ಶಿಬಿರ ನಡೆಸಿದಾಗ ಸಿರಿವಂತರ ಮಕ್ಕಳನ್ನೂ ದುಡಿಯುವ ಮನೆತನಗಳ ಮಕ್ಕಳನ್ನೂ ಒಂದೇ ಡೇರೆಯ ಬಾಳಿಗೆ ಕೂಡಿಸಿದರು. 1909ರಲ್ಲಿಯೇ ಬೆಂಗಳೂರಿನಲ್ಲಿ ಸ್ಕೌಟ್ ದಳ ಆರಂಭವಾದರೂ ಭಾರತೀಯ ಮಕ್ಕಳಿಗೆ ಆಗ ಅದರಲ್ಲಿ ಪ್ರವೇಶವಿರಲಿಲ್ಲ. 1923ರಲ್ಲಿ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು ಸೇವಾದಳವನ್ನು ಕಟ್ಟಿದರು. ಸ್ವಾತಂತ್ರ್ಯಾನಂತರ 1948ರಲ್ಲಿ ಎನ್.ಸಿ.ಸಿ., 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಅಸ್ತಿತ್ವಕ್ಕೆ ಬಂದವು.

ಸ್ಕೌಟ್ ನಿಯಮಗಳು 9. ಅವುಗಳಲ್ಲಿ ಕೊನೆಯದು ಮನ, ವಚನ, ಕಾಯಗಳ ಶುದ್ಧಿ. ಇದು ನಮ್ಮ ತ್ರಿಕರಣ ಶುದ್ಧಿಯಲ್ಲದೆ ಬೇರೇನು? ಏಳು ನಿಷೇಧಗಳಲ್ಲಿ ಅಂತರಂಗ ಬಹಿರಂಗಗಳ ಶುದ್ಧಿಯನ್ನು ಬೋಧಿಸಿದ ಬಸವಣ್ಣನವರ ನಾಡಿನ ಮಕ್ಕಳಿಗೆ ಇದು ಪರಕೀಯವೆನಿಸದು.

ಸ್ಕೌಟ್ ತರಬೇತಿಯಲ್ಲಿ ಮಗು ಮೊದಮೊದಲು ಕಲಿಯುವ ವಿದ್ಯೆಗಳಲ್ಲಿ ಹಗ್ಗಕ್ಕೆ ಗಂಟು ಹಾಕುವುದೂ ಒಂದು. ಇಲ್ಲಿ ನುಲಿಯ ಚಂದಯ್ಯ ಶರಣರು ನೆನಪಾಗುತ್ತಾರೆ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಲ್ಲಿ ಜಂಗಮ ದಾಸೋಹ ನಡೆಸಿದವರು ಅವರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಕಾಯಕ ನಿಲ್ಲಿಸಲಿಲ್ಲವೆಂದೂ, ಬೆನ್ನು ಹತ್ತಿ ಬಂದ ಲಿಂಗಕ್ಕೆ ಹಗ್ಗ ಮಾರುವ ಕಾಯಕವನ್ನೇ ಒಪ್ಪಿಸಲಾಯಿತೆಂದೂ ಶರಣ ಪರಂಪರೆ ಹೇಳುತ್ತದೆ. ಲಿಂಗಕ್ಕೇ ಕಾಯಕ ತಪ್ಪಲಿಲ್ಲವೆಂದ ಮೇಲೆ ಸಮವಸ್ತ್ರಕ್ಕೆ ತಪ್ಪೀತೆ?

ಆದರೆ ಇಂದು ಎಷ್ಟೋ ಶಾಲೆಗಳಲ್ಲಿ ಸಮವಸ್ತ್ರವು ಪೆಟ್ಟಿಗೆಯಿಂದ ಹೊರಬರುವುದು ಆಗಸ್ಟ್ 15 ಮತ್ತು ಜನವರಿ 26ಕ್ಕೆ ಮಾತ್ರ. ಉಳಿದಂತೆ ಗಣ್ಯರು ಬರುವ ದಾರಿಯಲ್ಲಿ ಬಿಸಿಲಿನಲ್ಲಿ ನಿಂತು ಸಲ್ಯೂಟ್ ಹೊಡೆಯುವುದು, ಹೂಗುಚ್ಛ ನೀಡುವುದು. ನಮ್ಮ ಜಾತ್ರೆಗಳಲ್ಲಿಯೂ ಈ ಮಕ್ಕಳನ್ನು ವೇದಿಕೆಯ ಬಳಿ ಭಕ್ತರನ್ನು ತಡೆದು ನಿಲ್ಲಿಸಲು ಬಳಸುವುದುಂಟು. ಇದರಿಂದ ಮಗು ಕಲಿಯುವುದೇನು? ದೊಡ್ಡವರಿಗೆ ತಲೆಬಾಗುವುದು, ಬಡವರನ್ನು ಹಿಂದೆ ಸರಿಸುವುದು. ಇದು ನಾಯಕತ್ವವಲ್ಲ, ದರ್ಪದ ಮೊದಲ ಪಾಠ.

6ರಿಂದ 8 ಮಕ್ಕಳ ಚಿಕ್ಕ ತಂಡ, ಅದಕ್ಕೆ ಅವರಲ್ಲಿಯೇ ಒಬ್ಬ ನಾಯಕ ಎಂಬುದು ಸ್ಕೌಟ್ ಪದ್ಧತಿಯ ಜೀವಾಳ. ಈ ತಂಡದಲ್ಲಿ ಎಲ್ಲ ಜಾತಿ, ಎಲ್ಲ ಓಣಿಗಳ ಮಕ್ಕಳು ಕೂಡಿರಬೇಕು. ನಾಯಕತ್ವವು ಸರದಿಯಂತೆ ಎಲ್ಲರಿಗೂ ದೊರೆಯಬೇಕು. ನಾಯಕನಾದವನು ಕೊನೆಗೆ ಉಣ್ಣಬೇಕು, ಮೊದಲು ಕಸಬರಿಗೆ ಹಿಡಿಯಬೇಕು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳಿಗೆ ಶೂನ್ಯಪೀಠ ಒಲಿದುದು ಕುಲದಿಂದಲ್ಲ, ಅರಿವಿನಿಂದ ಎಂಬುದನ್ನು ಮರೆಯದಿರೋಣ.

ಇದರಿಂದ ಓದಿಗೆ ಕುಂದಲ್ಲವೇ ಎಂದು ಪಾಲಕರು ಕೇಳುವುದು ಸಹಜ. ವಾರಕ್ಕೆ ಒಂದೆರಡು ಗಂಟೆಯ ಸೇವೆಯಿಂದ ಅಂಕ ಕುಸಿಯದು. ಪ್ರಮಾಣಪತ್ರ ದೊರೆತರೆ ಸಂತೋಷವೇ. ಆದರೆ ಅದಕ್ಕಾಗಿಯೇ ಮಾಡಿದ ಸೇವೆಯು ವ್ಯಾಪಾರವಾಗುತ್ತದೆ, ದಾಸೋಹವಾಗುವುದಿಲ್ಲ.

ಆದುದರಿಂದ ಭಕ್ತರಲ್ಲಿಯೂ ಶಿಕ್ಷಕರಲ್ಲಿಯೂ ಒಂದು ಬಿನ್ನಹ. ಬರುವ ಜಾತ್ರೆಯಲ್ಲಿ ಸಮವಸ್ತ್ರದ ಮಕ್ಕಳನ್ನು ವೇದಿಕೆಯ ಕಾವಲಿಗೆ ನಿಲ್ಲಿಸುವುದು ಬೇಡ. ದಾಸೋಹದ ಪಂಕ್ತಿಯಲ್ಲಿ ಬಡಿಸಲಿ, ಎಲೆ ಎತ್ತಲಿ, ದಣಿದ ವೃದ್ಧರಿಗೆ ನೀರು ಕೊಡಲಿ, ತಪ್ಪಿಸಿಕೊಂಡ ಮಗುವನ್ನು ತಾಯಿಯ ಮಡಿಲಿಗೆ ಸೇರಿಸಲಿ. ಅಂದು ಆ ಬಟ್ಟೆಗೆ ಅಂಟುವ ಸಾರಿನ ಕಲೆಯೇ ಅವರ ನಿಜವಾದ ಪದಕ.